ಮನೆಯ ಪಟಗಳೂ ನಾಡಿನ ಚರಿತ್ರೆಯೂ

೧

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಹೆಸರನ್ನು ನಾಡಿನ ಜನರು ವರ್ಷಕ್ಕೊಮ್ಮೆಯಾದರೂ ಕೇಳುವರು. ನಾಗರಹೊಳೆಯ ಅರಣ್ಯಕ್ಕೆ ಹೆಬ್ಬಾಗಿಲಿನಂತಿರುವ ಈ ಗ್ರಾಮದಿಂದ ಮೈಸೂರಿನ ದಸರೆಯ ಆನೆಗಳು ಪೂಜೆಗೊಂಡು ಹೊರಡುವುದು ಈಚಿನ ವರ್ಷಗಳಲ್ಲಿ ರೂಢಿಯಾಗಿದೆ. ಇದಕ್ಕೆ ಗಜಪಯಣವೆಂದು ಹೆಸರು. ಅಂದು ತೆಗೆಯಲ್ಪಡುವ ಭಾವಚಿತ್ರಗಳಿಗೆ ಲೆಕ್ಕವಿಲ್ಲ. ಅಂಬಾರಿಯನ್ನು ಹೊತ್ತ ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂಬ ಆನೆಗಳ ಹೆಸರುಗಳು ಮಕ್ಕಳ ಬಾಯಲ್ಲಿಯೂ ಇವೆ. ಆದರೆ ಅದೇ ಚಿತ್ರಗಳಲ್ಲಿ ಆನೆಯ ಕೊರಳ ಮೇಲೆ ಕುಳಿತವನೂ ಅದರ ಕಾಲ ಬಳಿ ನಿಂತವನೂ ಯಾರು, ಯಾವ ಹಾಡಿಯವರು, ಯಾರ ಮಕ್ಕಳು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಇತ್ತೀಚಿನ ಪತ್ರಿಕೆಗಳು ಮಾವುತರ ಹೆಸರುಗಳನ್ನು ಕೆಲವು ವೇಳೆ ಕೊಡುತ್ತಿರುವುದು ಸಂತೋಷದ ಸಂಗತಿ. ಹಳೆಯ ಚಿತ್ರಗಳಲ್ಲಿ ಅದೂ ದುರ್ಲಭವಾಗಿದೆ.

ಈ ಸಂಗತಿಯೇ ಪ್ರಕೃತ ಲೇಖನಕ್ಕೆ ಕಾರಣವಾಯಿತು. ಒಂದು ಸೀಮೆಯ ಚರಿತ್ರೆಯನ್ನು ಶಾಸನ, ಓಲೆ, ಕಡತಗಳಿಂದಲೇ ಅಲ್ಲದೆ ಮನೆಮನೆಗಳಲ್ಲಿರುವ ಭಾವಚಿತ್ರಗಳಿಂದಲೂ ವೃದ್ಧರ ಬಾಯಿಯ ವೃತ್ತಾಂತಗಳಿಂದಲೂ ಉಳಿಸಿಕೊಳ್ಳಬಹುದೆಂಬ ಅಭಿಪ್ರಾಯವು ಈಗ ಎಲ್ಲೆಡೆಯಲ್ಲಿಯೂ ಬಲಗೊಳ್ಳುತ್ತಿದೆ. ೨೦೧೦ರಲ್ಲಿ ಅನುಷಾ ಯಾದವ್ ಅವರು ಆರಂಭಿಸಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಎಂಬ ಸಂಗ್ರಹವು ಭರತಖಂಡದ ಅನೇಕ ಕುಟುಂಬಗಳ ಪಟಗಳನ್ನೂ ಪತ್ರಗಳನ್ನೂ ಅವುಗಳ ಕಥೆಯೊಡನೆ ಕೂಡಿಸಿದೆ. ಇಂತಹ ಉದ್ಯಮವನ್ನು ಶ್ಲಾಘಿಸುವುದು ಸುಲಭ. ಆದರೆ ಈ ಬಗೆಯ ಸಾಮಗ್ರಿಗೆ ಪ್ರಾಮಾಣ್ಯವೆಷ್ಟು, ಅದರ ದೋಷಗಳಾವುವು, ಅದನ್ನು ಹೇಗೆ ಓದಬೇಕು ಎಂಬ ವಿಮರ್ಶೆಯು ಕನ್ನಡದಲ್ಲಿ ಇನ್ನೂ ಸಾಕಷ್ಟು ನಡೆದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ಆ ವಿಮರ್ಶೆಯನ್ನು ಯಥಾಮತಿ ಮಾಡಲು ಇಲ್ಲಿ ಯತ್ನಿಸಿದೆ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಇಲ್ಲಿ ನೆಲವೇ ಹಲವು ಸಲ ಸ್ಥಾನಪಲ್ಲಟವಾದಂತಿದೆ. ೧೯೨೪ರ ಕಾವೇರಿಯ ಮಹಾಪೂರದಿಂದ ಎಡತೊರೆಯು ಹಾನಿಗೊಳಗಾಗಿ, ಕೃಷ್ಣರಾಜನಗರವೆಂಬ ಹೊಸ ಪಟ್ಟಣವು ಎತ್ತರದ ನೆಲದಲ್ಲಿ ಹುಟ್ಟಿತು. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡಾಗಳಿಂದ ಪ್ರಸಿದ್ಧವಾಗಿದ್ದ ಕಾಕನಕೋಟೆಯ ಪ್ರದೇಶದ ಬಹುಭಾಗವೂ ಅನೇಕ ಗ್ರಾಮಗಳೂ ನೀರಿನಲ್ಲಿ ಅಡಗಿದುವು. ನಾಗರಹೊಳೆಯು ೧೯೫೫ರಲ್ಲಿ ಅಭಯಾರಣ್ಯವಾಗಿ, ಬಳಿಕ ರಾಷ್ಟ್ರೀಯ ಉದ್ಯಾನವೆನಿಸಿ, ೧೯೯೯ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಾಡಿನೊಳಗಿನ ಜೇನುಕುರುಬ ಮೊದಲಾದವರ ಹಾಡಿಗಳು ಹೊರಕ್ಕೆ ಬಂದು, ಹುಣಸೂರು ತಾಲ್ಲೂಕಿನ ನಾಗಾಪುರವೇ ಮೊದಲಾದೆಡೆಗಳಲ್ಲಿ ಪುನರ್ವಸತಿಯಾದುವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೂ ಹುಣಸೂರಿನ ಗುರುಪುರಕ್ಕೂ ತಮ್ಮ ದೇಶವನ್ನೇ ತೊರೆದ ಟಿಬೆಟ್ಟಿನವರು ಬಂದು ನೆಲೆಸಿದರು. ಸ್ಥಳವೇ ಇಲ್ಲದಾದಾಗ ಸ್ಥಳಪುರಾಣವನ್ನು ಹೇಳುವುದಕ್ಕೆ ಉಳಿಯುವುದು ಎರಡೇ: ಕೈಯಲ್ಲಿ ಹಿಡಿದು ತಂದ ಪಟ ಮತ್ತು ಬಾಯಲ್ಲಿ ಹಿಡಿದು ತಂದ ಮಾತು.

೨

ಭಾವಚಿತ್ರವು ಯಾವ ಪ್ರಮಾಣ? ಕಣ್ಣಿಗೆ ಕಾಣುತ್ತದೆಯಾದುದರಿಂದ ಪ್ರತ್ಯಕ್ಷವೆಂದು ಮೊದಲ ನೋಟಕ್ಕೆ ತೋರುತ್ತದೆ. ಯಂತ್ರವು ಪಕ್ಷಪಾತವಿಲ್ಲದೆ ಇದ್ದುದನ್ನು ಇದ್ದಂತೆ ಹಿಡಿಯುವುದೆಂಬ ನಂಬಿಕೆಯು ಈ ಭ್ರಮೆಯನ್ನು ಪೋಷಿಸುತ್ತದೆ. ವಿಚಾರಮಾಡಿದರೆ, ಪ್ರತ್ಯಕ್ಷವಾಗಿ ತಿಳಿಯುವುದು ಇಷ್ಟೆ: ಒಬ್ಬ ಮನುಷ್ಯನು, ರುಮಾಲು ಸುತ್ತಿದವನು, ಕುರ್ಚಿಯಲ್ಲಿ ಕುಳಿತಿರುವನು. ಇವನು ಯಾರು, ಎಲ್ಲಿಯವನು, ಏತಕ್ಕಾಗಿ ಕುಳಿತನು ಎಂಬುದೊಂದೂ ಚಿತ್ರದಲ್ಲಿಲ್ಲ. ಅದು ಶಬ್ದದಿಂದ ಬರಬೇಕು.

ಈ ತತ್ತ್ವವನ್ನು ಮಹಾಕವಿ ಭಾಸನು ಪ್ರತಿಮಾನಾಟಕದ ಮೂರನೆಯ ಅಂಕದಲ್ಲಿ ನಿರೂಪಿಸಿರುವ ಬಗೆಯನ್ನು ವಾಚಕರು ನೆನೆಯಬೇಕು. ಸೋದರಮಾವನ ಮನೆಯಿಂದ ಹಿಂದಿರುಗುತ್ತಿರುವ ಭರತನು ಅಯೋಧ್ಯೆಯ ಹೊರಗೆ ಒಂದು ಪ್ರತಿಮಾಗೃಹವನ್ನು ಹೊಗುವನು. ಅಲ್ಲಿರುವುವು ಅವನ ಪೂರ್ವಜರ ಪ್ರತಿಮೆಗಳು. ಶಿಲ್ಪದ ಸೊಬಗನ್ನು ಅವನು ಮೆಚ್ಚುವನು, ದೇವತೆಗಳೆಂದು ತಿಳಿದು ನಮಸ್ಕರಿಸಲೂ ಹೊರಡುವನು. ತಡೆದು ಹೆಸರು ಹೇಳುವವನು ಆ ಗೃಹದ ಪರಿಚಾರಕನಾದ ದೇವಕುಲಿಕನು. ದಿಲೀಪ, ರಘು, ಅಜ ಎಂದು ಹೇಳುತ್ತ ಬಂದಾಗ ನಾಲ್ಕನೆಯ ಪ್ರತಿಮೆಯ ಮುಂದೆ ಭರತನ ಎದೆ ತಲ್ಲಣಿಸುವುದು. ಬದುಕಿರುವವರ ಪ್ರತಿಮೆಗಳನ್ನೂ ಇಲ್ಲಿ ನಿಲ್ಲಿಸುವುದುಂಟೇ ಎಂದು ಕೇಳುವನು. ಇಲ್ಲ, ಗತಿಸಿದವರವನ್ನು ಮಾತ್ರ ಎಂಬ ಉತ್ತರದಿಂದ ತಂದೆಯ ಮರಣವು ಅವನಿಗೆ ತಿಳಿಯುವುದು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಎದುರಿಗಿದ್ದ ಪ್ರತಿಮೆಗಳು ಭರತನಿಗೆ ತಾವಾಗಿ ಏನನ್ನೂ ತಿಳಿಸಲಿಲ್ಲ. ಸೂರ್ಯವಂಶದ ಕುಮಾರನಿಗೆ ಅವನ ವಂಶವನ್ನು ತಿಳಿಸಿಕೊಟ್ಟವನು ಒಬ್ಬ ಸಾಮಾನ್ಯ ಪರಿಚಾರಕ. ಅವನು ಆ ಹೊತ್ತು ಅಲ್ಲಿರದಿದ್ದರೆ ಭರತನು ಕಲ್ಲುಗಳನ್ನು ಮೆಚ್ಚಿ ಮುಂದೆ ಹೋಗುತ್ತಿದ್ದನು.

ನಮ್ಮ ಮನೆಗಳಲ್ಲಿ ಈ ದೇವಕುಲಿಕನ ಸ್ಥಾನದಲ್ಲಿರುವವರು ಅಜ್ಜಿಯಂದಿರು, ಸೋದರತ್ತೆಯರು, ಹಳೆಯ ಆಳುಗಳು. ಅವರ ಮಾತಿಗೆ ಪ್ರಾಮಾಣ್ಯವುಂಟೇ ಎಂಬುದು ಎರಡನೆಯ ಪ್ರಶ್ನೆ. ನೈಯಾಯಿಕರು ಐತಿಹ್ಯವನ್ನು, ಎಂದರೆ ಪರಂಪರೆಯಿಂದ ಬಂದ ಮಾತನ್ನು, ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಶಬ್ದದಲ್ಲಿಯೇ ಅಂತರ್ಭಾವಗೊಳಿಸಿರುವರು. ಆದರೆ ಶಬ್ದವು ಪ್ರಮಾಣವಾಗಬೇಕಾದರೆ ಅದನ್ನು ನುಡಿದವನು ಆಪ್ತನಾಗಿರಬೇಕು. ಆಪ್ತನು ಯಾರೆಂದರೆ, ವಿಷಯವನ್ನು ತಾನೇ ಸಾಕ್ಷಾತ್ತಾಗಿ ತಿಳಿದು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯಿಂದ ಹೇಳುವವನು. ಭಾಷ್ಯಕಾರನಾದ ವಾತ್ಸ್ಯಾಯನನು ಇಲ್ಲಿ ಇನ್ನೊಂದು ಮಾತನ್ನು ಸೇರಿಸಿರುವನು: ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು. ಆಪ್ತತ್ವಕ್ಕೆ ಕುಲವಾಗಲಿ ವಿದ್ಯೆಯಾಗಲಿ ಕಾರಣವಲ್ಲ. ಕಂಡಿರಬೇಕು, ಕಂಡಂತೆ ಹೇಳಬೇಕು. ಪಾಠಶಾಲೆಗಳಲ್ಲಿ ಈ ಪಂಕ್ತಿಯನ್ನು ನಾವು ಹಲವು ಸಲ ಓದಿ ದಾಟಿರುವೆವು. ಹಾಡಿಯೊಂದರ ಅಕ್ಷರವರಿಯದ ವೃದ್ಧೆಯು ತಾನು ಹುಟ್ಟಿದ ಕಾಡಿನ ತಾಣವನ್ನು ಹೇಳುವಾಗ ಆಕೆಯು ಶಾಸ್ತ್ರಾರ್ಥದಲ್ಲಿಯೇ ಆಪ್ತಳೆಂಬುದನ್ನು ಮಾತ್ರ ನಮ್ಮಲ್ಲಿ ಬಹುಮಂದಿ ಆಲೋಚಿಸಲಿಲ್ಲ.

೩

ಚಿತ್ರವನ್ನೂ ಮಾತನ್ನೂ ಜೊತೆಗೂಡಿಸುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ವೀರಗಲ್ಲು ಮಾಸ್ತಿಕಲ್ಲುಗಳು ಮಡಿದವರ ರೂಪವನ್ನು ಬಿಡಿಸಿ, ಅನೇಕವೇಳೆ ಹೆಸರನ್ನೂ ಸಂದರ್ಭವನ್ನೂ ಬರೆದುವು. ಕ್ರಿ. ಶ. ೯೪೯ರ ಆತಕೂರಿನ ಶಾಸನಶಿಲೆಯು ಇದಕ್ಕೆ ಸರ್ವವಿದಿತವಾದ ನಿದರ್ಶನ. ಅದರಲ್ಲಿ ಹಂದಿಯೊಡನೆ ಹೋರಾಡುತ್ತಿರುವ ನಾಯಿಯ ಚಿತ್ರವಿದೆ. ಆ ನಾಯಿಯ ಹೆಸರು ಕಾಳಿಯೆಂದೂ, ಮಣಲೇರನು ಅದನ್ನು ಬೂತುಗನಿಂದ ಬೇಡಿ ಪಡೆದನೆಂದೂ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವೆಂದೂ ಬರೆಹವು ತಿಳಿಸುತ್ತದೆ.

ಪ್ರಕೃತ ಸೀಮೆಯಲ್ಲಿಯೇ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ, ಕ್ರಿ. ಶ. ೧೦೫೭ರ ಶಾಸನವೊಂದಿದೆ. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಆಕೆಯ ಗಂಡ ಏಚನು ಮಲ್ಲಯುದ್ಧದಲ್ಲಿ ದಾಯಾದನೊಬ್ಬನನ್ನು ಕೊಂದನೆಂಬ ಕಾರಣಕ್ಕಾಗಿ ರಾಜಾಜ್ಞೆಯಿಂದ ತಲಕಾಡಿನಲ್ಲಿ ಹತನಾದನು. ವಾರ್ತೆಯನ್ನು ಕೇಳಿ ದೇಕಬ್ಬೆಯು ಬೆಂಕಿಯನ್ನು ಹೊಗಲು ನಿಶ್ಚಯಿಸಿದಳು. ತಾಯಿತಂದೆಗಳು ತಡೆದರು, ಆಕೆ ನಿಲ್ಲಲಿಲ್ಲ. ಆ ಆಚಾರವನ್ನು ಇಂದು ಯಾರೂ ಮೆಚ್ಚಲಾರರು, ಮೆಚ್ಚಲೂ ಬಾರದು. ಆದರೆ ಶಾಸನದ ಪದ್ಯಗಳು ರಾಜರ ಬಿರುದಾವಳಿಯನ್ನು ಬಿಟ್ಟು ಒಂದು ಕುಟುಂಬದೊಳಗಣ ಮಾತುಕತೆಯನ್ನು ಕಾಯ್ದಿರಿಸಿವೆ. ಮಗಳನ್ನು ಬೇಡವೆಂದು ಬೇಡಿಕೊಂಡವರ ಧ್ವನಿಯನ್ನೂ ಅದಕ್ಕೆ ಆಕೆ ಕೊಟ್ಟ ಮರುಮಾತನ್ನೂ ಕೇಳಿದವರು ಯಾರೋ ಇದ್ದರು. ಅವರ ನೆನಪು ಕವಿಯ ಮೂಲಕ ಕಲ್ಲಿಗೆ ಬಂದಿತು. ಆ ಕಾಲದ ಯುದ್ಧಗಳ ತಿಥಿಗಳು ಬೇರೆ ಶಾಸನಗಳಿಂದಲೂ ದೊರೆಯಬಹುದು. ಒಂದು ಮನೆಯ ಅಂಗಳದಲ್ಲಿ ನಡೆದ ಈ ವಾದವು ಬೇರೆಲ್ಲಿಯೂ ದೊರೆಯದು. ವೈಯಕ್ತಿಕ ವೃತ್ತಾಂತವೆಂದು ನಾವು ಈಗ ಕರೆಯುವುದಕ್ಕೆ ಈ ಸೀಮೆಯಲ್ಲಿ ಸುಮಾರು ಒಂದು ಸಾವಿರ ವರ್ಷದ ಹಿಂದಿನ ಆಧಾರವಿದೆಯೆಂದು ಹೇಳಲಡ್ಡಿಯಿಲ್ಲ.

೪

ಈಗ ಇದಕ್ಕೆ ವಿರುದ್ಧವಾದ ಪಕ್ಷವನ್ನು ನೋಡೋಣ. ೧೮೩೯ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಛಾಯಾಗ್ರಹಣವಿದ್ಯೆಯು ಅಲ್ಪಕಾಲದಲ್ಲಿಯೇ ಭರತಖಂಡಕ್ಕೆ ಬಂದಿತು. ಬಂದ ಕೆಲವು ದಶಕಗಳಲ್ಲಿ ಅದನ್ನು ಜನಾಂಗಗಳ ಪರಿಗಣನೆಗೆ ಉಪಯೋಗಿಸತೊಡಗಿದರು. ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯ’, ೧೯೦೯ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಇಂಡಿಯದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳು, ಮೈಸೂರಿನಲ್ಲಿಯೇ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ ೧೯೨೮ರಿಂದ ೧೯೩೫ರವರೆಗೆ ಬಂದ ನಾಲ್ಕು ಸಂಪುಟಗಳು, ಇವೆಲ್ಲವೂ ಉಪಯುಕ್ತವಾದ ಆಕರಗ್ರಂಥಗಳು. ಇವುಗಳಲ್ಲಿನ ವಿಷಯಸಂಗ್ರಹಕ್ಕೆ ನಾವೆಲ್ಲರೂ ಋಣಿಗಳು. ಆದರೆ ಈ ಬಗೆಯ ಗ್ರಂಥಗಳ ಚಿತ್ರಗಳ ಕೆಳಗೆ ಬಹುಮಟ್ಟಿಗೆ ಕುಲದ ಹೆಸರಿರುವುದೇ ಹೊರತು ವ್ಯಕ್ತಿಯ ಹೆಸರಿರುವುದಿಲ್ಲ. ವ್ಯಕ್ತಿಯನ್ನು ನಿಲ್ಲಿಸಿ, ಜಾತಿಯನ್ನು ಬರೆದರು. ತಾರ್ಕಿಕರು ಘಟವನ್ನು ತೋರಿಸಿ ಘಟತ್ವವನ್ನು ಹೇಳುವುದುಂಟು. ಘಟಕ್ಕೆ ಅದರಿಂದ ನೋವಿಲ್ಲ. ಮನುಷ್ಯನ ವಿಷಯದಲ್ಲಿ ಹಾಗಲ್ಲ. ಆ ಚಿತ್ರಗಳಲ್ಲಿರುವ ಮುಖಗಳನ್ನು ಅವರ ಮರಿಮಕ್ಕಳು ಇಂದು ನೋಡಿದರೂ ತಮ್ಮ ಹಿರಿಯರೆಂದು ಗುರುತಿಸಲಾರರು.

ಖೆಡ್ಡಾದ ಚಿತ್ರಗಳ ಗತಿಯೂ ಇದೇ. ಸ್ಯಾಂಡರ್‌ಸನ್ ೧೮೭೪ರಲ್ಲಿ ಮೈಸೂರು ಸೀಮೆಯಲ್ಲಿ ನಡೆಸಿದ ಖೆಡ್ಡಾ ಮೊದಲುಗೊಂಡು ೧೯೭೧ರ ಕೊನೆಯ ಖೆಡ್ಡಾವರೆಗೆ ತೆಗೆಯಲ್ಪಟ್ಟ ಚಿತ್ರಗಳಲ್ಲಿ ಅರಸರು, ಅತಿಥಿಗಳು, ಆನೆಗಳು, ಹೊಳೆ, ಕಂದಕ, ಎಲ್ಲವೂ ಇವೆ. ಆನೆಯ ಜಾಡನ್ನು ಹಿಡಿದ ಕುರುಬರೂ ಮಾವುತರೂ ಇರುವರು. ಅತಿಥಿಗಳ ಹೆಸರುಗಳನ್ನು ನಾವು ತಿಥಿಸಹಿತವಾಗಿ ಹೇಳಬಲ್ಲೆವು. ಜಾಡು ಹಿಡಿದವರದನ್ನು ಹೇಳಲಾರೆವು. ಸಾವಿರ ವರ್ಷದ ಹಿಂದಿನ ಬೇಟೆನಾಯಿಯ ಹೆಸರು ನಮಗೆ ಗೊತ್ತಿದೆ. ನೂರು ವರ್ಷದ ಹಿಂದಿನ ಭಾವಚಿತ್ರದಲ್ಲಿ ನಮ್ಮನ್ನೇ ನೋಡುತ್ತಿರುವ ಮನುಷ್ಯನ ಹೆಸರು ಗೊತ್ತಿಲ್ಲ. ಹೆಸರನ್ನು ಕೇಳಿ ಬರೆದುಕೊಳ್ಳುವ ತಾಳ್ಮೆಯೊಂದು ಇದ್ದಿದ್ದರೆ ಈ ವೈಪರೀತ್ಯವು ಒದಗುತ್ತಿರಲಿಲ್ಲ.

ಹೆಸರಿದ್ದರೂ ಅದು ತಪ್ಪಿಹೋಗಬಹುದೆಂಬುದಕ್ಕೆ ಈ ಸೀಮೆಯ ಬಾಲಕನೊಬ್ಬನ ಚರಿತ್ರೆಯೇ ಸಾಕ್ಷಿ. ೧೯೨೪ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು ಎಂಬವನನ್ನು ರಾಬರ್ಟ್ ಫ್ಲಾಹರ್ಟಿ ಎಂಬ ಚಲನಚಿತ್ರಕಾರನು ಗುರುತಿಸಿ ‘ಎಲಿಫೆಂಟ್ ಬಾಯ್’ ಎಂಬ ಚಿತ್ರದಲ್ಲಿ ಅಭಿನಯಿಸುವಂತೆ ಮಾಡಿದನು. ೧೯೩೭ರಲ್ಲಿ ಅದು ಪ್ರಕಟವಾದಾಗ ಲೋಕದ ಖಂಡಖಂಡಗಳಲ್ಲಿ ಆ ಹುಡುಗನ ಮುಖವು ಪರಿಚಿತವಾಯಿತು. ೧೯೬೩ರಲ್ಲಿ ಅಮೇರಿಕದಲ್ಲಿ ತೀರಿಕೊಳ್ಳುವವರೆಗೂ ಅವನು ಪ್ರಸಿದ್ಧನಾಗಿಯೇ ಇದ್ದನು. ಅವನನ್ನು ಸಾಬು ದಸ್ತಗೀರ್ ಎಂದು ಲೋಕವು ಕರೆಯಿತು. ದಸ್ತಗೀರ್ ಎಂಬುದು ಅವನ ಅಣ್ಣನ ಹೆಸರೆಂದೂ, ಅದನ್ನು ಇವನಿಗೆ ತಪ್ಪಾಗಿ ಅಂಟಿಸಿದರೆಂದೂ, ಇವನ ನಿಜವಾದ ಹೆಸರು ಸೇಲಾರ್ ಶೇಖ್ ಎಂದೂ ಬಳಿಕ ಶೋಧಿಸಿದವರು ಹೇಳಿರುವರು. ಈ ಸೀಮೆಯಲ್ಲಿ ಹುಟ್ಟಿದವರಲ್ಲಿ ಇವನಷ್ಟು ಸಲ ಚಿತ್ರಿತನಾದ ಬಾಲಕನು ಇನ್ನೊಬ್ಬನಿರಲಾರನು. ಅವನಿಗೇ ಈ ಗತಿಯಾದರೆ ಉಳಿದವರ ಪಾಡೇನು? ಮನೆಯವರ ಮಾತಿನಿಂದ ಕಡಿದುಹೋದ ಚಿತ್ರವು ಎಷ್ಟೇ ಪ್ರಚಾರವಾದರೂ ಸಾಕ್ಷ್ಯವಾಗದೆಂಬುದು ಇದರಿಂದ ಸಿದ್ಧವಾಗುತ್ತದೆ.

೫

ಇನ್ನು ಮನೆತನದ ಪಟಗಳ ಸ್ವಂತ ದೋಷಗಳನ್ನು ಹೇಳಬೇಕು. ಅವುಗಳಲ್ಲಿ ಹೆಸರಿನ ಲೋಪವು ಕಡಮೆಯಿರಬಹುದು. ಆದರೆ ಬೇರೆ ಲೋಪಗಳುಂಟು.

ಭವಭೂತಿಯು ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಚಿತ್ರದರ್ಶನವನ್ನು ತಂದಿರುವುದು ಪ್ರಸಿದ್ಧವಾಗಿದೆ. ಲಕ್ಷ್ಮಣನು ಚಿತ್ರಗಳನ್ನು ತೋರಿಸುತ್ತ, ವಿವಾಹದ ಚಿತ್ರ ಬಂದಾಗ, ಇವಳು ನೀನು, ಇವಳು ಮಾಂಡವಿ, ಇವಳು ಶ್ರುತಕೀರ್ತಿ ಎಂದು ಸೀತೆಗೆ ಹೇಳುವನು. ಸೀತೆಯು ಉಳಿದವಳೊಬ್ಬಳನ್ನು ತೋರಿಸಿ ಇವಳು ಯಾರೆಂದು ಕೇಳುವಳು. ಅವಳು ಊರ್ಮಿಳೆ, ಲಕ್ಷ್ಮಣನ ಹೆಂಡತಿಯೇ. ಲಕ್ಷ್ಮಣನು ನಾಚಿ, ಮಾತನ್ನು ಮರೆಸಿ, ಪರಶುರಾಮನ ಚಿತ್ರಕ್ಕೆ ಹೋಗಿಬಿಡುವನು. ರಸಿಕರು ಇದನ್ನು ಮೃದುವಾದ ಹಾಸ್ಯಕ್ಕಾಗಿ ಮೆಚ್ಚುವರು, ಅದು ಯುಕ್ತವೇ. ಚರಿತ್ರಕಾರನು ಇನ್ನೊಂದನ್ನು ಕಾಣಬೇಕು. ಊರ್ಮಿಳೆಯು ಚಿತ್ರದಲ್ಲಿರುವಳು, ಹೇಳುವವನ ಮಾತಿನಲ್ಲಿ ಇಲ್ಲ. ಸೀತೆಯು ಬೆರಳಿಟ್ಟು ಕೇಳದಿದ್ದರೆ ಅವಳು ಇದ್ದುದೇ ತಿಳಿಯುತ್ತಿರಲಿಲ್ಲ.

ನಮ್ಮ ಮನೆಗಳ ಗೋಡೆಗಳ ಮೇಲೆ ಇಂತಹ ಊರ್ಮಿಳೆಯರು ಎಷ್ಟೋ ಮಂದಿ ಇರುವರು. ಮಕ್ಕಳಿಲ್ಲದೆ ಗತಿಸಿದ ಮೊದಲ ಹೆಂಡತಿ, ತವರಿಗೆ ಮರಳಿದ ವಿಧವೆ, ಮಗುವನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತ ಆಳಿನ ಹೆಂಗಸು: ಇವರನ್ನು ಕುರಿತು ಮನೆಯವರು ತಾವಾಗಿ ಹೇಳುವುದಿಲ್ಲ. ಇನ್ನು ಕೆಲವರು ಚಿತ್ರದಲ್ಲಿಯೂ ಇಲ್ಲ. ಭಾವಚಿತ್ರವು ಹಣದ ಕೆಲಸವಾಗಿದ್ದ ಕಾಲದಲ್ಲಿ ಅದನ್ನು ತೆಗೆಯಿಸಿದವರು ಶಾನುಭೋಗರು, ಪಟೇಲರು, ವರ್ತಕರು, ವಕೀಲರು. ಹೊಲದಲ್ಲಿ ಹೊಗೆಸೊಪ್ಪನ್ನು ಕಿತ್ತವರ ಪಟವೂ ಕಾಡಿನಲ್ಲಿ ಜೇನನ್ನು ಇಳಿಸಿದವರ ಪಟವೂ ಅವರವರ ಮನೆಯಲ್ಲಿ ದೊರೆಯುವುದು ಕಷ್ಟ. ಆದುದರಿಂದ ಮನೆತನದ ಪಟಗಳಿಂದ ಮಾತ್ರವೇ ಸೀಮೆಯ ಚರಿತ್ರೆಯನ್ನು ಬರೆದರೆ ಅದು ಪಟವುಳ್ಳವರ ಚರಿತ್ರೆಯಾಗುವುದು. ಪಟವಿಲ್ಲದವರ ವಿಷಯದಲ್ಲಿ ಮಾತಿಗೇ ಹೆಚ್ಚಿನ ಗೌರವವನ್ನು ಕೊಡಬೇಕು.

ಇದ್ದ ಪಟವೂ ಕಾವ್ಯದಂತೆ ರಚಿತವಾದುದು. ಹಿಂದಿನ ಪರದೆಯಲ್ಲಿ ಬರೆದ ಉದ್ಯಾನವು ಆ ಮನೆಯದಲ್ಲ. ಕೋಟು ಎರವಲಿನದಾಗಿರಬಹುದು. ಕೈಯಲ್ಲಿ ಹಿಡಿದ ಪುಸ್ತಕವನ್ನು ಹಿಡಿದವನು ಓದಿರಲಾರನು. ಇವುಗಳನ್ನು ಸುಳ್ಳೆಂದು ತಳ್ಳಿಹಾಕುವುದು ಅರಸಿಕತೆಯಾಗುತ್ತದೆ. ವಾಚ್ಯಾರ್ಥದಲ್ಲಿ ಸುಳ್ಳಾದುದು ವ್ಯಂಗ್ಯಾರ್ಥದಲ್ಲಿ ನಿಜವಾಗಿರಬಹುದು: ಆ ಕುಟುಂಬವು ತನ್ನನ್ನು ಹೇಗೆ ಕಾಣಿಸಿಕೊಳ್ಳಲು ಬಯಸಿತೆಂಬುದಕ್ಕೆ ಎರವಲಿನ ಕೋಟಿಗಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಆದರೆ ವ್ಯಂಗ್ಯವನ್ನು ವಾಚ್ಯವೆಂದು ಓದಬಾರದು.

ವೃದ್ಧರ ಮಾತಿನ ದೋಷಗಳು ಬೇರೆ. ಅವರು ಸಂವತ್ಸರವನ್ನು ಹಿಂದುಮುಂದು ಮಾಡುವರು, ಕೇಳಿದ್ದನ್ನು ಕಂಡದ್ದೆಂದು ಹೇಳುವರು, ನೊಂದುದನ್ನು ಮುಚ್ಚುವರು. ಇದಕ್ಕೆ ಪರಿಹಾರವೂ ಅವರ ಮಾತಿನಲ್ಲಿಯೇ ಇದೆ. ಕೃಷ್ಣರಾಜನಗರದ ಕಡೆಯ ಹಿರಿಯರು ಮಹಾಪೂರಕ್ಕೆ ಮೊದಲು ಅಥವಾ ಬಳಿಕ ಎಂದರೆ ೧೯೨೪ ಗೊತ್ತಾಯಿತು. ಹೆಗ್ಗಡದೇವನಕೋಟೆಯವರು ನೀರು ನಿಲ್ಲುವುದಕ್ಕೆ ಮೊದಲು ಎಂದರೆ ಕಬಿನಿಯ ಕಾಲ ತಿಳಿಯಿತು. ಹೀಗೆ ಒಂದೊಂದು ಕಡೆಗೂ ಒಂದೊಂದು ಕಾಲಗಣನೆಯಿದೆ. ಅದನ್ನು ಅರಿತು ಕೇಳುವವನಿಗೆ ವರ್ಷಗಳು ತಾವಾಗಿ ಹೊಂದಿಕೊಳ್ಳುತ್ತವೆ. ಬೈಲಕುಪ್ಪೆಯ ಟಿಬೆಟ್ಟಿನ ವೃದ್ಧರಿಂದ ೨೦೦೭ರಲ್ಲಿ ‘ಟಿಬೆಟ್ ಓರಲ್ ಹಿಸ್ಟರಿ ಪ್ರಾಜೆಕ್ಟ್’ನವರು ವೃತ್ತಾಂತಗಳನ್ನು ಬರೆಯಿಸಿಕೊಂಡುದು ಇಲ್ಲಿ ಸ್ಮರಣೀಯ. ನಮ್ಮ ಸೀಮೆಯಲ್ಲಿ ಬಂದು ನೆಲೆಸಿದವರ ನೆನಪುಗಳಿಗೆ ದೊರೆತ ಈ ಆದರವು ಇಲ್ಲಿಯೇ ಹುಟ್ಟಿದವರ ನೆನಪುಗಳಿಗೂ ದೊರೆಯಬೇಕು.

೬

ಈ ವಿಷಯದಲ್ಲಿ ಪರರಿಗೆ ಬೋಧಿಸುವ ಮೊದಲು ಪ್ರಕೃತ ಲೇಖಕನು ತನ್ನ ತಪ್ಪೊಂದನ್ನು ಒಪ್ಪಿಕೊಳ್ಳುವುದು ಧರ್ಮ. ನಮ್ಮ ಮನೆಯಲ್ಲಿ ಪಿತಾಮಹರ ಕಾಲದ ಒಂದು ಪಟವಿದೆ. ನಮ್ಮ ತಂದೆಯವರ ಉಪನಯನದ ದಿನ ತೆಗೆದುದು. ಹನ್ನೊಂದು ಮಂದಿ ಇರುವರು. ಬಲಗಡೆಯ ಅಂಚಿನಲ್ಲಿ ಸೆರಗನ್ನು ಹೊದ್ದ ಹೆಂಗಸೊಬ್ಬಳು ನಿಂತಿರುವಳು. ಅರ್ಧ ಭುಜವು ಚೌಕಟ್ಟಿನಿಂದ ಕತ್ತರಿಸಿಹೋಗಿದೆ. ನಮ್ಮ ತಾಯಿಯವರು ಇದ್ದಾಗ ಕೇಳಬಹುದಾಗಿತ್ತು. ಮೂವತ್ತು ವರ್ಷಗಳಿಂದ ತಾಳೆಯೋಲೆಗಳ ಪಾಠಾಂತರಗಳನ್ನು ಹೋಲಿಸುತ್ತಿದ್ದವನಿಗೆ ಗೋಡೆಯ ಮೇಲಣ ಪಟವು ಗ್ರಂಥವೆಂದು ತೋರಲಿಲ್ಲ. ತಾಯಿಯವರು ತೀರಿಕೊಂಡ ಬಳಿಕ ಪಟದ ಹಿಂದೆ ಹೆಸರುಗಳನ್ನು ಬರೆಯುವಾಗ, ಅಂಚಿನಲ್ಲಿ ನಿಂತಿರುವುದರಿಂದಲೂ ಕೊರಳು ಬರಿದಾಗಿರುವುದರಿಂದಲೂ ಆಕೆಯು ಅಡುಗೆಯವಳೆಂದು ಊಹಿಸಿ ಹಾಗೆಯೇ ಶಾಯಿಯಲ್ಲಿ ಬರೆದೆನು. ಬಳಿಕ ಅಚ್ಚಾದ ವಂಶಾವಳಿಯ ಒಂದು ಕಿರುಹೊತ್ತಗೆಯಲ್ಲಿ ಆ ಪಟವು ಅದೇ ವಿವರಣೆಯೊಡನೆ ಬಂದಿತು.

ಅದನ್ನು ನೋಡಿದ ತೊಂಬತ್ತು ದಾಟಿದ ಬಂಧುವೊಬ್ಬರು ಹೇಳಿಕಳುಹಿಸಿದರು. ಆಕೆಯು ಪಿತಾಮಹರ ಒಡಹುಟ್ಟಿದವಳು. ಹದಿನಾಲ್ಕನೆಯ ವಯಸ್ಸಿನಲ್ಲಿ ವಿಧವೆಯಾಗಿ ತವರಿಗೆ ಬಂದವಳು. ತಾಯಿಯಿಲ್ಲದ ನಮ್ಮ ತಂದೆಯವರನ್ನು ಸಾಕಿದವಳು. ಮಂಗಳಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಅಂಚಿನಲ್ಲಿ ನಿಂತಳು. ತಾನು ಸಾಕಿದ ಹುಡುಗನ ಉಪನಯನವನ್ನು ಅಷ್ಟು ದೂರದಿಂದಲಾದರೂ ನೋಡಬೇಕೆಂದು ನಿಂತಳು. ಅಂಚಿನಲ್ಲಿ ನಿಲ್ಲುವುದೂ ಬರಿಯ ಕೊರಳೂ ಅಡುಗೆಯವಳಲ್ಲಿ ಮಾತ್ರವಿರುವ ಚಿಹ್ನೆಗಳಲ್ಲ, ವಿಧವೆಯಲ್ಲಿಯೂ ಇರುವುವು. ಇದನ್ನೇ ತರ್ಕದಲ್ಲಿ ಸವ್ಯಭಿಚಾರವೆಂಬ ಹೇತ್ವಾಭಾಸವೆಂದು ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೆನು. ಅಚ್ಚಾದ ಪ್ರತಿಗಳನ್ನು ತಿದ್ದಲು ಈಗ ಉಪಾಯವಿಲ್ಲ. ಆ ಪಟವು ತಾನಾಗಿ ನನಗೆ ಸುಳ್ಳು ಹೇಳಲಿಲ್ಲ. ಮಾತನ್ನು ಬಲ್ಲವರನ್ನು ಕೇಳದೆ ನಾನೇ ಅದಕ್ಕೆ ಸುಳ್ಳನ್ನು ಹೇಳಿಸಿದೆನು.

೭

ಇವೆಲ್ಲವೂ ಮನೆಯ ಅಭಿಮಾನದ ವಿಷಯ, ಇದರಿಂದ ಲೋಕಕ್ಕೇನು ಎಂದು ಪೂರ್ವಪಕ್ಷಿಯು ಕೇಳಬಹುದು. ಅದಕ್ಕೆ ಉತ್ತರವು ವೀರನಹೊಸಹಳ್ಳಿಯ ಆಚೆಯ ಕಾಡಿನಲ್ಲಿದೆ. ೨೦೦೬ರ ಅರಣ್ಯಹಕ್ಕುಗಳ ಅಧಿನಿಯಮದ ಪ್ರಕಾರ ಹಕ್ಕನ್ನು ಕೇಳುವವರು ತಾವು ಆ ಕಾಡಿನಲ್ಲಿದ್ದವರೆಂದು ತೋರಿಸಬೇಕು. ಅದರ ನಿಯಮಾವಳಿಯ ೧೩ನೆಯ ನಿಯಮವು ಸಾಕ್ಷ್ಯಗಳನ್ನು ಎಣಿಸುವಾಗ ಸರ್ಕಾರದ ಕಾಗದಗಳೊಡನೆ ಬಾವಿ, ಸಮಾಧಿಸ್ಥಳ, ಪೂಜಾಸ್ಥಳಗಳನ್ನೂ, ವಂಶಾವಳಿಯನ್ನೂ, ಬರೆಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಸೇರಿಸಿದೆ. ಎಂದರೆ ನೈಯಾಯಿಕನು ಆಪ್ತವಾಕ್ಯಕ್ಕೆ ಕೊಟ್ಟ ಸ್ಥಾನವನ್ನು ಇಂದಿನ ಶಾಸನವೂ ಕೊಟ್ಟಿದೆ. ಬರೆಹಕ್ಕಿಳಿಸಿರಬೇಕೆಂಬುದು ಮಾತ್ರ ಅದರ ವಿಶೇಷ. ೨೦೨೫ರ ಮೇ ತಿಂಗಳಿನಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಅರಣ್ಯದೊಳಗೆ ತಮ್ಮ ಹಿಂದಿನ ನೆಲೆಯೆಂದು ಹೇಳುವ ಸ್ಥಳಕ್ಕೆ ಮರಳಿ ಹೋದುವು. ಆ ವ್ಯವಹಾರದ ನ್ಯಾಯಾನ್ಯಾಯವನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಅಲ್ಲಿ ಯಾರ ಅಜ್ಜನು ಯಾವ ಮರದಡಿ ಮಣ್ಣಾದನೆಂಬುದನ್ನು ಬಲ್ಲ ವೃದ್ಧರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವರೆಂಬುದರಲ್ಲಿ ಸಂದೇಹವಿಲ್ಲ. ಅವರ ಮಾತನ್ನು ಇಂದು ಬರೆದುಕೊಳ್ಳದಿದ್ದರೆ ಒಂದು ಪಕ್ಷದ ಸಾಕ್ಷ್ಯವೇ ಅಳಿದುಹೋಗುವುದು.

ಈ ಸೀಮೆಯ ಕಾಡುಜನರನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಕಾಕನಕೋಟೆ’ ನಾಟಕವಿದೆ. ರಣಧೀರ ಕಂಠೀರವರ ಕಾಲದಲ್ಲಿ ಕುರುಬರ ನಾಯಕನೊಬ್ಬನ ಘನತೆಯನ್ನು ಅದು ಚಿತ್ರಿಸುತ್ತದೆ. ಕವಿಯು ತನ್ನ ಕೆಲಸವನ್ನು ಮಾಡಿರುವನು. ಆ ಜನರ ಸ್ವಂತ ಮಾತನ್ನು ಅವರ ಸ್ವಂತ ಹೆಸರಿನೊಡನೆ ಕಾಯ್ದಿಡುವ ಕೆಲಸವು ಕವಿಯದಲ್ಲ, ನಮ್ಮದು.

೮

ಆ ಕೆಲಸದ ಕ್ರಮವು ಹಸ್ತಪ್ರತಿಶೋಧನೆಯ ಕ್ರಮಕ್ಕಿಂತ ಬಹಳ ಭಿನ್ನವಲ್ಲ. ಓಲೆಗ್ರಂಥಕ್ಕೆ ಪುಷ್ಪಿಕೆಯಿರುವಂತೆ ಪಟಕ್ಕೂ ಪುಷ್ಪಿಕೆಯಿರಬೇಕು. ಎಡದಿಂದ ಬಲಕ್ಕೆ ನಿಂತವರ ಹೆಸರು, ಅವರ ಪರಸ್ಪರ ಸಂಬಂಧ, ಸ್ಥಳ, ಸಂದರ್ಭ, ಇರಬೇಕಾಗಿದ್ದು ಇಲ್ಲದವರು ಯಾರು, ಅಂಚಿನಲ್ಲಿರುವವರು ಯಾರು ಎಂಬುದನ್ನು ಬರೆಯಬೇಕು. ಇದಕ್ಕಿಂತ ಮುಖ್ಯವಾಗಿ, ಇದನ್ನು ಹೇಳಿದವರು ಯಾರು, ಯಾವ ದಿನ ಹೇಳಿದರು, ಕಂಡು ಹೇಳಿದರೋ ಕೇಳಿ ಹೇಳಿದರೋ ಎಂಬುದನ್ನು ಬರೆಯಬೇಕು. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಪಾಠಾಂತರಗಳಂತೆ ಕೊಡಬೇಕಲ್ಲದೆ ನಮಗೆ ರುಚಿಸಿದುದನ್ನು ಮಾತ್ರ ಉಳಿಸಬಾರದು. ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ಪಟದ ಹಿಂದೆ ಬರೆಯುವುದಾದರೆ ಮೃದುವಾದ ಸೀಸದ ಕಡ್ಡಿಯಿಂದ ಅಂಚಿನಲ್ಲಿ ಬರೆಯಬೇಕು. ಶಾಯಿಯು ಚಿತ್ರವನ್ನು ಕೆಡಿಸುವುದಲ್ಲದೆ ತಪ್ಪನ್ನು ತಿದ್ದಲೂ ಬಿಡದು. ಮೂಲವನ್ನು ಮನೆಯಿಂದ ಒಯ್ಯದೆ ಪ್ರತಿಯನ್ನು ಮಾತ್ರ ತೆಗೆಯಬೇಕು. ಮನೆಯವರು ಬೇಡವೆಂದುದನ್ನು ಪ್ರಕಟಿಸಬಾರದು. ಗತಿಸಿದವರ ರೂಪವನ್ನು ಪರರಿಗೆ ತೋರಿಸಲೊಲ್ಲದ ಕುಟುಂಬವಿದ್ದರೆ ಅದನ್ನು ಗೌರವಿಸುವುದೂ ಚರಿತ್ರಕಾರನ ಧರ್ಮವೇ.

ಈ ಕೆಲಸಕ್ಕೆ ದೊಡ್ಡ ಸಂಸ್ಥೆಯಾಗಲಿ ಹೆಚ್ಚಿನ ದ್ರವ್ಯವಾಗಲಿ ಬೇಕಿಲ್ಲ. ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಕನ್ನಡದ ಉಪಾಧ್ಯಾಯರಿರುವರು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದು ಪಟದ ಪುಷ್ಪಿಕೆಯನ್ನು ಬರೆದು ತರಲಿ. ಪಟವಿಲ್ಲದ ಮನೆಯವನು ಅಜ್ಜಿಯು ಹುಟ್ಟಿದ ಸ್ಥಳದ ವರ್ಣನೆಯನ್ನು ಅಜ್ಜಿಯ ಮಾತಿನಲ್ಲಿಯೇ ಬರೆದು ತರಲಿ. ಎರಡಕ್ಕೂ ಸಮಾನವಾದ ಗೌರವವಿರಲಿ. ವ್ಯಾಕರಣವನ್ನು ತಿದ್ದುವ ಉಪಾಧ್ಯಾಯರು ಇಲ್ಲಿ ಮಾತ್ರ ಅಜ್ಜಿಯ ನುಡಿಯನ್ನು ತಿದ್ದದಿರಲಿ.

ಕಡೆಯದಾಗಿ ನಮ್ಮ ವಿದ್ವದ್ವರ್ಗದ್ದೇ ಒಂದು ಪ್ರಸಂಗವನ್ನು ನೆನೆದು ಮುಗಿಸುವೆನು. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದಾಗ ಲೋಕವೇ ಬೆರಗಾಯಿತು. ಆ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯಪುಸ್ತಕಾಲಯಕ್ಕೆ ತಂದುಕೊಟ್ಟವರು ತಂಜಾವೂರು ಸೀಮೆಯ ಒಬ್ಬ ಪಂಡಿತರು. ಸಂಪಾದಕರು ಆ ಉಪಕಾರವನ್ನು ಸ್ಮರಿಸಿರುವರು. ಪಂಡಿತರ ಹೆಸರು ಮಾತ್ರ ಲೋಕಕ್ಕೆ ತಿಳಿಯದೆ ಹೋಯಿತು. ಕೌಟಿಲ್ಯನ ಹೆಸರನ್ನು ನಮಗೆ ಮರಳಿ ಕೊಟ್ಟವರ ಹೆಸರನ್ನು ನಾವು ಕಳೆದುಕೊಂಡೆವು. ಅಕ್ಷರವನ್ನೇ ಉಪಾಸಿಸುವ ಜನರಲ್ಲಿಯೇ ಹೀಗಾದ ಮೇಲೆ, ಆನೆಯ ಪಕ್ಕದಲ್ಲಿ ನಿಂತವರ ಹೆಸರನ್ನು ಬರೆದಿಡಲಿಲ್ಲವೆಂದು ಛಾಯಾಗ್ರಾಹಕರನ್ನು ಮಾತ್ರ ದೂರುವುದು ನ್ಯಾಯವಾಗಲಾರದು.

ಪ್ರಕೃತ ಲೇಖಕನು ತನ್ನ ಮನೆಯ ಪಟದ ಹಿಂದಣ ತಪ್ಪು ಬರೆಹವನ್ನು ಅಳಿಸಲಿಲ್ಲ. ಅದರ ಕೆಳಗೆ, ಹೇಳಿದವರ ಹೆಸರಿನೊಡನೆಯೂ ದಿನಾಂಕದೊಡನೆಯೂ, ಸರಿಯಾದುದನ್ನು ಸೀಸದ ಕಡ್ಡಿಯಿಂದ ಬರೆದಿರುವನು. ವಾಚಕರು ತಮ್ಮ ತಮ್ಮ ಮನೆಗಳ ಗೋಡೆಯಿಂದ ಒಂದೊಂದು ಪಟವನ್ನು ಇಳಿಸಿ, ಬಲ್ಲವರು ಇನ್ನೂ ಇರುವಾಗಲೇ ಅವರ ಮುಂದಿಟ್ಟು, ಅಂಚಿನಲ್ಲಿರುವವರಿಂದ ಮೊದಲುಗೊಂಡು ಕೇಳಬೇಕೆಂದು ಪ್ರಾರ್ಥನೆ.